ಒರೆಸಿದ ವಿಮಾನ

ಜನವರಿ ೪, ಭಾನುವಾರ

ಮುದುಕ ಬಂದು ಇವತ್ತಿಗೆ ಒಂಬತ್ತು ದಿನ. ಎದುರಿಗೆ ಮಾವ, ಮಾವ ಎಂದು ಕರೆದು ನಾಲಿಗೆ ಸವೆದಿದೆ. ನನ್ನ ಸ್ವಂತ ಪುಸ್ತಕದಲ್ಲಾದರೂ ಮುದುಕ ಎಂದೇ ಬರೆಯುತ್ತೇನೆ. ಸೊಂಟದ ಮೂಳೆ ಮುರಿದುಕೊಂಡು ಎರಡು ತಿಂಗಳ ಮಟ್ಟಿಗೆ ಮಗಳ ಮನೆಗೆ ಬಂದಿದ್ದಾನೆ. ಹಾಲ್‌ನಲ್ಲಿ ಅವನ ಮಂಚ. ಮಂಚದ ತಲೆಯ ಪಕ್ಕಕ್ಕೇ ನನ್ನ ಕೆಲಸದ ಕೋಣೆಯ ಬಾಗಿಲು. ಈ ಮನೆಯಲ್ಲಿ ನನ್ನದು ಅಂತ ಇರುವುದು ಆ ಆರಡಿ ಅಗಲದ ಉಗ್ರಾಣ ಒಂದೇ, ಈಗ ಅದಕ್ಕೂ ಕಾವಲುಗಾರ ಬಂದ.

ಹೆಂಡತಿಯ ಹತ್ತಿರ ಹೇಳಿದರೆ ಜಗಳ. ಅದಕ್ಕೇ ಈ ಪುಸ್ತಕ.

ಮುದುಕ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವನು. ನಾನು ಹಲ್ಲಿನ ಲ್ಯಾಬ್‌ನಲ್ಲಿ ಕೃತಕ ಹಲ್ಲು ಕಟ್ಟುವವನು. ಮದುವೆಯಾದ ದಿನದಿಂದಲೂ ಅವನ ಲೆಕ್ಕದಲ್ಲಿ ನನ್ನದು ಗಂಡಸಿನ ಕೆಲಸವಲ್ಲ. ಅವನ ಬಾಯಲ್ಲಿರುವ ಅಷ್ಟೂ ಹಲ್ಲು ನಾನು ಕಟ್ಟಿಕೊಟ್ಟವು. ನಾನು ಕಟ್ಟಿದ ಹಲ್ಲಿನಿಂದಲೇ ನನ್ನನ್ನು ಬೈಯುತ್ತಾನೆ.

ಇನ್ನು ಆರು ವಾರದಲ್ಲಿ ನಲವತ್ತೇಳನೇ ನಂಬರಿನ ಪ್ರೊಪೆಲ್ಲರ್ ವಿಮಾನದ ಮಾದರಿ ಮುಗಿಯಬೇಕು. ಮುದುಕನ ಹಳೆಯ ಸ್ಕ್ವಾಡ್ರನ್‌ನ ನಿವೃತ್ತರ ಸಂಘ ತಮ್ಮ ಸಭಾಂಗಣದಲ್ಲಿ ಇಡಲು ಮಾದರಿ ವಿಮಾನ ಕಟ್ಟುವವರ ನಮ್ಮ ಕ್ಲಬ್ಬನ್ನು ಕೇಳಿತ್ತು. ಅಧ್ಯಕ್ಷರು ನನಗೆ ವಹಿಸಿದರು. ನಲವತ್ತೊಂದು ವರ್ಷದ ಹಿಂದೆ ಆ ವಿಮಾನ ಬೆಟ್ಟಕ್ಕೆ ಬಡಿದು ಪೈಲಟ್ ಸತ್ತ. ಪೈಲಟ್‌ನದೇ ತಪ್ಪು, ಬೇಕಾಬಿಟ್ಟಿ ಕೆಳಗೆ ಹಾರಿಸಿದ ಎಂದು ತನಿಖೆಯವರು ಬರೆದರು. ಫೆಬ್ರವರಿ ಹದಿನೈದಕ್ಕೆ ಅವನ ಮಗಳು ಬಂದು ಮಾದರಿಯ ಮೇಲಿನ ಬಟ್ಟೆ ಸರಿಸುತ್ತಾಳೆ. ಅದೇ ದಿನ ಅಲ್ಲೇ ಕ್ಲಬ್ಬಿನ ವಾರ್ಷಿಕ ಸ್ಪರ್ಧೆ. ಐದು ವರ್ಷದಿಂದ ನನಗೆ ಎರಡನೇ ಸ್ಥಾನ. ಈ ಸಲ ಬಿಡುವುದಿಲ್ಲ.

ಆ ನಲವತ್ತೇಳನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಯಾರು ಎಂದರೆ ನಮ್ಮ ಹಾಲ್‌ನ ಮಂಚದ ಮೇಲೆ ಮಲಗಿರುವವನೇ. ಸಹಾಯವಾಗಬಹುದು ಎಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು.

ಜನವರಿ ೭, ಬುಧವಾರ

ಇವತ್ತು ಲ್ಯಾಬ್‌ಗೆ ರಜೆ ಹಾಕಿ, ಗಾಳಿಯ ಒತ್ತಡದಲ್ಲಿ ಬಣ್ಣ ಚಿಮ್ಮಿಸುವ ಏರ್‌ಬ್ರಷ್‌ನಲ್ಲಿ ಇಡೀ ವಿಮಾನಕ್ಕೆ ಕಪ್ಪು ಹೊಡೆದೆ. ಒಣಗಿದ ಮೇಲೆ ಆ ಕಪ್ಪಿನ ಮೇಲೆ ಬೂದು, ಕಂದು, ಮಾಸಲು ಹಳದಿಯಲ್ಲಿ ಅಡ್ಡಾದಿಡ್ಡಿ ಗೀಚಿದೆ. ನೋಡಿದವರಿಗೆ ತಲೆಕೆಟ್ಟವನ ಕೆಲಸ ಅನ್ನಿಸುತ್ತದೆ. ಇದರ ಮೇಲೆ ಹಸಿರನ್ನು ಹಾಲಿನಷ್ಟು ತೆಳುವಾಗಿ ಪದರ ಪದರವಾಗಿ ಬಿಡಬೇಕು, ಆಗ ಒಳಗಿನ ಗೀಚು ಅರ್ಧ ಕಂಡೂ ಕಾಣದ ಹಾಗೆ ಉಳಿದು, ಬಣ್ಣ ಬಿಸಿಲು ಮಳೆ ತಿಂದ ಹಾಗಾಗುತ್ತದೆ. ಹಲ್ಲೂ ಹೀಗೆಯೇ. ಒಂದೇ ಬಿಳಿ ಬಳಿದರೆ ಪಿಂಗಾಣಿ ಬಟ್ಟಲಿನ ಚೂರು, ಒಳಗೆ ನಾಲ್ಕು ಬಣ್ಣ ಇದ್ದರೆ ಹಲ್ಲು.

ಮುದುಕ ಊರುಗೋಲು ಹಿಡಿದು ಬಾಗಿಲಿಗೆ ಬಂದು ನಿಂತ. ನೋಡಿದ. ಕಂಪ್ರೆಸರ್ ಆರಿಸು, ನಿದ್ದೆ ಬರ್ತಿಲ್ಲ ಎಂದ. ಬೆಳಿಗ್ಗೆ ಹನ್ನೊಂದು ಗಂಟೆ.

ಜನವರಿ ೧೧, ಭಾನುವಾರ

ಹಸಿರು ಐದು ಪದರ. ಮೊದಲ ಎರಡರಲ್ಲಿ ಏನೂ ಕಾಣುವುದಿಲ್ಲ, ಗಾಳಿ ಊದಿದ ಹಾಗೆ ಅಷ್ಟೆ. ಮೂರನೆಯದಕ್ಕೆ ಹಸಿರು ಕೂರುತ್ತದೆ. ಐದನೆಯದರಲ್ಲಿ ಬಣ್ಣಕ್ಕೆ ಒಂದೆರಡು ಹನಿ ಹಳದಿ ಬೆರೆಸಿ, ಪ್ರತಿ ತಗಡಿನ ಮಧ್ಯಭಾಗಕ್ಕೆ ಮಾತ್ರ ಹೊಡೆದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವ ಹಾಗೆ ಬಂದಿದೆ.

ಹೆಂಡತಿ ಖುಷಿಯಿಂದ ಅಪ್ಪನನ್ನು ಕರೆತಂದು ತೋರಿಸಿದಳು. ಅವಳಿಗೆ ನಾವಿಬ್ಬರೂ ಒಂದೇ ವಸ್ತುವನ್ನು ನೋಡುತ್ತಾ ನಿಂತರೆ ಸಾಕು, ರಾಜಿಯಾದ ಹಾಗೆ. ರೈಲ್ವೆ ಟಿಕೆಟ್ ಕೌಂಟರಿನಲ್ಲಿ ದಿನವಿಡೀ ಜಗಳ ಬಿಡಿಸಿ ಅಭ್ಯಾಸ.

ಮುದುಕ ಕನ್ನಡಕ ಮೇಲೇರಿಸಿದ. "ಇಷ್ಟೊಂದು ಕೊಳಕು ಯಾಕೆ?"

ಇದು ಕೊಳಕಲ್ಲ, ಬಿಸಿಲಿಗೆ ಬಣ್ಣ ಮಾಸಿದ್ದು, ಮುಂದೆ ಹೊಗೆ, ಎಣ್ಣೆ, ಉದುರಿದ ಬಣ್ಣ ಎಲ್ಲಾ ಬರುತ್ತದೆ, ಅದೇ ಇದರ ಕಸುಬು ಎಂದು ವಿವರಿಸಿದೆ.

"ನನ್ನ ವಿಮಾನ ಯಾವತ್ತೂ ಸ್ವಚ್ಛವಾಗಿರ್ತಿತ್ತು. ದಿನಾ ಬೆಳಿಗ್ಗೆ ನಾನೇ ಒರೆಸ್ತಿದ್ದೆ. ಹಲ್ಲು ಮಾಡೋರಿಗೆ ಇದೆಲ್ಲಾ ಎಲ್ಲಿ ಗೊತ್ತಾಗಬೇಕು."

ಹೆಂಡತಿ ಇದ್ದಳೆಂದು ಏರ್‌ಬ್ರಷ್ ತೊಳೆಯಲು ಎದ್ದು ಹೋದೆ.

ಜನವರಿ ೧೮, ಭಾನುವಾರ

ಸಿಕ್ಕಿತು.

ಸಂಘದವರು ಕೊಟ್ಟ ಫೋಟೋ ಒಂದೇ ಒಂದು. ನಲವತ್ತೇಳು ನಿಂತಿದೆ, ಎದುರಿಗೆ ನಗುತ್ತಿರುವ ಪೈಲಟ್, ಹಿಂದೆ ಬಟ್ಟೆ ಹಿಡಿದು ನಿಂತ ತೆಳ್ಳನೆಯ ಮುದುಕ, ಆಗಿನ್ನೂ ಯುವಕ. ಹಿಂಬದಿಯಲ್ಲಿ ತಾರೀಕು ಇದೆ. ಬಿದ್ದ ದಿನದ ಬೆಳಿಗ್ಗೆಯದೇ. ಲ್ಯಾಬ್‌ನಲ್ಲಿ ಹಲ್ಲಿನ ಬಿರುಕು ನೋಡುವ ಭೂತಗನ್ನಡಿ ಇಟ್ಟು ನೋಡಿದೆ. ಎಂಜಿನ್ನಿನ ಬಲಗಡೆ, ರೆಕ್ಕೆಯ ಬುಡದವರೆಗೆ ಒಂದು ಕಪ್ಪು ಗೆರೆ ಇಳಿದಿದೆ. ಎಣ್ಣೆ. ಸೋರಿ ಗಾಳಿಗೆ ಹಿಂದಕ್ಕೆ ಹರಿದ ಎಣ್ಣೆ.

ದಿನಾ ಒರೆಸುತ್ತಿದ್ದನಂತೆ! ನನಗೆ ಅಷ್ಟು ಸಂತೋಷ ಒಂದು ವರ್ಷದಿಂದ ಆಗಿರಲಿಲ್ಲ. ಹೊಳಪಿನ ವಾರ್ನಿಷ್, ನಂಬರು, ಲಾಂಛನ, ತಗಡಿನ ಸಂದುಗಳಲ್ಲಿ ಕಪ್ಪು ನೀರುಬಣ್ಣ, ಅದರ ಮೇಲೆ ಮಂಕು ವಾರ್ನಿಷ್, ಎಲ್ಲಾ ವಾರದಲ್ಲೇ ಮುಗಿದಿತ್ತು. ಇವತ್ತು ಎಣ್ಣೆಬಣ್ಣದ ಕಂದು ಕಪ್ಪು ಬೆರೆಸಿ, ಫೋಟೋದಲ್ಲಿ ಇದ್ದ ಹಾಗೇ, ಇದ್ದಲ್ಲೇ ಗೆರೆ ಎಳೆದೆ. ತೇವದ ಕುಂಚದಿಂದ ಅಂಚು ಮಸುಕು ಮಾಡಿದೆ. ಈಗ ಅದು ಆಟಿಕೆಯಲ್ಲ, ಹಾರಿದ ವಿಮಾನ.

ಜನವರಿ ೨೦, ಮಂಗಳವಾರ

ಊಟದ ಹೊತ್ತಿಗೆ ತೋರಿಸಿದೆ. ತೋರಿಸಬೇಕೆಂದೇ ತೋರಿಸಿದೆ, ಸುಳ್ಳು ಬರೆಯುವುದಿಲ್ಲ.

ಮುದುಕ ತುತ್ತು ಕೆಳಗಿಟ್ಟ. ಇದು ಏನು ಎಂದ. ಎಣ್ಣೆ ಎಂದೆ. ಎಣ್ಣೆ ಇರಲಿಲ್ಲ, ಅದು ನೆರಳು ಎಂದ. ಭೂತಗನ್ನಡಿ ತಂದುಕೊಟ್ಟೆ. ಮುಟ್ಟಲಿಲ್ಲ.

"ಫೋಟೋ ಸುಳ್ಳು ಹೇಳಲ್ಲ ಮಾವ," ಎಂದೆ. "ಇರೋದನ್ನ ಬಳಿಯೋದು ನನ್ನ ಕೆಲಸ. ಎಂಜಿನ್ ಸೋರ್ತಿತ್ತು ಅಂದ್ರೆ ಅದು ಕೈಕೊಟ್ಟೇ ಕೆಳಗಿಳಿದಿರಬೇಕು, ಪೈಲಟ್‌ದು ತಪ್ಪಿಲ್ಲ ಅಂತಾಗುತ್ತೆ. ಅವನ ಮಗಳು ನೋಡಲಿ ಬಿಡಿ."

ಆ ಕೊನೆಯ ಮಾತು ಮೊದಲೇ ಯೋಚಿಸಿದ್ದಲ್ಲ. ಬಾಯಿಗೆ ಬಂತು, ಆಡಿಬಿಟ್ಟೆ. ಮುದುಕ ತಟ್ಟೆ ಸರಿಸಿ ಎದ್ದ. ಊರುಗೋಲು ಮರೆತು ಎರಡು ಹೆಜ್ಜೆ ಹಾಕಿ ಗೋಡೆ ಹಿಡಿದುಕೊಂಡ. ಹೆಂಡತಿ ನನ್ನ ಕಡೆ ನೋಡಿದ ನೋಟ ನೋಡಿದರೆ ನಾನೇ ಆ ಸೊಂಟ ಮುರಿದವನು ಅನ್ನಬೇಕು.

ಜನವರಿ ೨೪, ಶನಿವಾರ

ಲ್ಯಾಬ್‌ನಿಂದ ಬರುವಷ್ಟರಲ್ಲಿ ಕೋಣೆಯ ತುಂಬ ಬಣ್ಣ ಕರಗಿಸುವ ಥಿನ್ನರ್ ವಾಸನೆ. ಮುದುಕ ನನ್ನ ಕುರ್ಚಿಯಲ್ಲಿ ಕೂತಿದ್ದಾನೆ. ಕೈಯಲ್ಲಿ ಹತ್ತಿ. ಗೆರೆಯನ್ನು ಒರೆಸಲು ಹೋಗಿದ್ದಾನೆ. ಎಣ್ಣೆಬಣ್ಣಕ್ಕಿರುವ ಸೌಮ್ಯ ಥಿನ್ನರ್ ಬಿಟ್ಟು, ಏರ್‌ಬ್ರಷ್ ತೊಳೆಯುವ ಬಾಟಲಿಗೆ ಕೈಹಾಕಿದ್ದಾನೆ. ಅದು ಎಲ್ಲವನ್ನೂ ತಿನ್ನುತ್ತದೆ.

ಗೆರೆ ಹೋಗಿದೆ. ಅದರ ಜೊತೆ ಮಂಕು ವಾರ್ನಿಷ್, ಹೊಳಪು, ಐದು ಹಸಿರು, ಗೀಚು, ಕಪ್ಪು, ಎಲ್ಲಾ ಹೋಗಿ ನಡುವೆ ಬೆತ್ತಲೆ ಪ್ಲಾಸ್ಟಿಕ್ ಕಾಣುತ್ತಿದೆ. ಸುತ್ತ ಒಂದೊಂದು ಪದರವೂ ಉಂಗುರದ ಹಾಗೆ ಬಿಟ್ಟುಕೊಂಡಿದೆ. ರೆಕ್ಕೆಯ ಬುಡದವರೆಗೂ ಬಣ್ಣ ಕರಗಿ ಅಂಟಂಟಾಗಿದೆ. ಮೂರು ವಾರದ ಕೆಲಸ.

ನಾನು ಸುಮ್ಮನಿರಲಿಲ್ಲ. ಹತ್ತಿಯಲ್ಲಿ ಒರೆಸಿದರೆ ನಡೆದದ್ದು ನಡೆದಿಲ್ಲ ಅಂತ ಆಗುತ್ತದೆಯೇ ಎಂದು ಕೇಳಿದೆ. ಒಬ್ಬ ಸತ್ತವನ ತಲೆಗೆ ತಪ್ಪು ಕಟ್ಟಿ ನಲವತ್ತು ವರ್ಷ ಸಂಬಳ, ಪಿಂಚಣಿ ತಿಂದವನು ಎಂದೆ. ಇನ್ನೂ ಏನೇನೋ ಅಂದೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿದ ಸದ್ದು ಕೇಳಿತು.

ಜನವರಿ ೨೫, ಭಾನುವಾರ

ಅಧ್ಯಕ್ಷರಿಗೆ ಫೋನ್ ಮಾಡಿ ಆಗುವುದಿಲ್ಲ ಎನ್ನಬೇಕು. ಮಾಡಲಿಲ್ಲ.

ಜನವರಿ ೨೭, ಮಂಗಳವಾರ

ಮುದುಕ ಮೂರು ದಿನದಿಂದ ಮೇಜಿಗೆ ಊಟಕ್ಕೆ ಬರುತ್ತಿಲ್ಲ. ಹಲ್ಲು ತೆಗೆದು ನೀರಿನ ಲೋಟದಲ್ಲಿ ಹಾಕಿಟ್ಟಿದ್ದಾನೆ, ಮತ್ತೆ ಹಾಕಿಕೊಂಡಿಲ್ಲ. ನನ್ನ ಹಲ್ಲಿನಿಂದ ಒಂದು ತುತ್ತೂ ಬೇಡ ಎಂದಿರಬೇಕು. ಗಂಜಿ ಕುಡಿಯುತ್ತಾನೆ.

ಹೆಂಡತಿ ಪಾತ್ರೆ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ ಮಾತಾಡಿದಳು. ಆ ಅಪಘಾತ ಆದ ವರ್ಷ ಅವಳಿಗೆ ಆರು. ಅಪ್ಪ ಆಮೇಲೆ ಮನೆಯಲ್ಲಿ ಕಂಡದ್ದನ್ನೆಲ್ಲಾ ಒರೆಸುತ್ತಿದ್ದರಂತೆ. ಸೈಕಲ್ಲು, ಕಿಟಕಿ, ಅವಳ ಶಾಲೆಯ ಪೆಟ್ಟಿಗೆ. ಅಮ್ಮ ಬಟ್ಟೆ ಬಚ್ಚಿಟ್ಟರೆ ಅಂಗಿಯ ತೋಳಿನಲ್ಲಿ ಒರೆಸುತ್ತಿದ್ದರು.

"ನಿಮಗೆ ಬಹುಮಾನ ಬೇಕು, ತಗೊಳ್ಳಿ. ಅಪ್ಪನ್ನ ಬಳಸ್ಕೊಂಡು ತಗೋಬೇಡಿ," ಎಂದಳು.

ನಾನೇನು ಬಳಸಿಕೊಂಡೆ? ಹಾಳಾದದ್ದು ನನ್ನ ವಿಮಾನ. ಈ ಮನೆಯಲ್ಲಿ ನನ್ನ ಪರ ಮಾತಾಡುವ ಒಂದು ಪ್ರಾಣಿಯೂ ಇಲ್ಲ.

ಲೋಟದಲ್ಲಿದ್ದ ಹಲ್ಲಿನ ಸೆಟ್ ನೋಡಿದೆ. ಕೆಳಗಿನದರ ಎಡಭಾಗ ಸವೆದಿದೆ, ಒತ್ತುತ್ತಿರಬೇಕು. ಲ್ಯಾಬ್‌ಗೆ ಒಯ್ದು ಸರಿಮಾಡಿ ತಂದು ಲೋಟದಲ್ಲೇ ಇಟ್ಟೆ. ಕೆಟ್ಟ ಕೆಲಸ ನನ್ನ ಹೆಸರಿನಲ್ಲಿ ಓಡಾಡಬಾರದು, ಅಷ್ಟೆ.

ಫೆಬ್ರವರಿ ೧, ಭಾನುವಾರ

ಶುಕ್ರವಾರದಿಂದ ಮತ್ತೆ ಶುರು. ಹಾಳಾದ ಭಾಗವನ್ನು ನೀರಿನಲ್ಲಿ ಅದ್ದಿದ ಉಪ್ಪುಕಾಗದದಿಂದ ಉಜ್ಜಿ, ಪದರಗಳ ಮೆಟ್ಟಿಲು ಬೆರಳಿಗೆ ತಾಗದ ಹಾಗೆ ಸವರಿದೆ. ಮತ್ತೆ ಕಪ್ಪು, ಮತ್ತೆ ಗೀಚು. ಹೊಸ ಹಸಿರು ಹಳೆಯ ಹಸಿರಿನ ಜೊತೆ ಸೇರಬೇಕು, ಸೇರಿದ್ದು ಗೊತ್ತಾಗಬಾರದು. ಒಂದೇ ಹಲ್ಲು ಕಟ್ಟಿ ಪಕ್ಕದ ನಿಜವಾದ ಹಲ್ಲಿಗೆ ಹೊಂದಿಸುವುದು ಪೂರ್ತಿ ಸೆಟ್ಟಿಗಿಂತ ಕಷ್ಟ.

ಮಾವ ಬಾಗಿಲಿಗೆ ಬಂದ. ಬಾಯಲ್ಲಿ ಹಲ್ಲು ಇತ್ತು. ಟಾರ್ಚ್ ಇದೆಯಾ ಎಂದ. ಕೊಟ್ಟೆ. ಪ್ರೊಪೆಲ್ಲರ್ ಸಿಕ್ಕಿಸು ಎಂದ. ಯಾಕೆ ಎಂದು ಕೇಳುವಷ್ಟೂ ಮಾತಾಡುವ ಮನಸ್ಸಿರಲಿಲ್ಲ, ಸಿಕ್ಕಿಸಿದೆ. ದೀಪ ಆರಿಸಿ, ಪರದೆ ಎಳೆದು, ಫೋಟೋವನ್ನು ಪಕ್ಕದಲ್ಲಿಟ್ಟು, ಒಂದು ಕೈಯಲ್ಲಿ ಊರುಗೋಲು ಇನ್ನೊಂದರಲ್ಲಿ ಟಾರ್ಚ್ ಹಿಡಿದು, ವಿಮಾನದ ಮೂತಿಯ ಮುಂದೆ ಸ್ವಲ್ಪ ಬಲಕ್ಕೆ ನಿಂತ.

"ಬೆಳಿಗ್ಗೆ ಎಂಟು ಗಂಟೆ. ಸೂರ್ಯ ಇಲ್ಲಿ."

ಪ್ರೊಪೆಲ್ಲರಿನ ಒಂದು ಅಲಗಿನ ನೆರಳು ಎಂಜಿನ್ನಿನ ಬಲಗಡೆ ಇಳಿದು ರೆಕ್ಕೆಯ ಬುಡ ಮುಟ್ಟಿತು. ಫೋಟೋದಲ್ಲಿದ್ದ ಗೆರೆ. ಅದೇ ಓರೆ, ಅದೇ ಉದ್ದ. ಟಾರ್ಚ್ ಆರಿಸಿದ ಕೂಡಲೇ ಮಾಯ.

ಹದಿನೆಂಟು ವರ್ಷದಿಂದ ಮಾದರಿ ಮಾಡುವವನು ನಾನು. ಕ್ಲಬ್ಬಿಗೆ ಹೊಸದಾಗಿ ಸೇರಿದವರು ಮಾಡುವ ತಪ್ಪು ಇದು, ನೆರಳನ್ನು ಕೊಳೆ ಎಂದು ಬಳಿಯುವುದು. ಇಂಥ ತಪ್ಪಿಗೆ ಎಷ್ಟು ಜನರ ಮುಂದೆ ಎಷ್ಟು ಜನರನ್ನು ನಗೆಪಾಟಲು ಮಾಡಿಲ್ಲ ನಾನು.

ಕ್ಷಮಿಸಿ ಎಂದು ಹೇಳಬೇಕಿತ್ತು. ಸರಿ, ಬಲಗಡೆ ಸ್ವಚ್ಛ ಬಿಡುತ್ತೇನೆ ಎಂದೆ. ಗೆದ್ದವನ ಮುಖ ಇರಲಿಲ್ಲ ಮಾವನದು. ಇದೂ ಒಂದು ಕೊಂಕು, ಗೆದ್ದಾಗಲೂ ಗಂಟುಮುಖ.

ಫೆಬ್ರವರಿ ೪, ಬುಧವಾರ

ಹಸಿರು ಸೇರಿತು. ಎಲ್ಲಿ ಹಾಳಾಗಿತ್ತು ಎಂದು ನನಗೇ ಹುಡುಕಬೇಕಾಯಿತು.

ಮಾವ ಕುರ್ಚಿ ಹಾಕಿಸಿಕೊಂಡು ಕೋಣೆಯಲ್ಲೇ ಕೂರುತ್ತಾರೆ. ಮಾಸ್ಕ್ ಹಾಕಿಕೊಳ್ಳಿ ಎಂದು ಜಗಳವಾಡಿ ಹಾಕಿಸಿದೆ. ಟೇಪ್ ಕತ್ತರಿಸುವುದು ಓರೆ, ಕಾಫಿ ಆರಿದ್ದು, ಕಂಪ್ರೆಸರ್ ಕತ್ತೆಯ ಹಾಗೆ ಅರಚುವುದು, ಒಂದನ್ನೂ ಬಿಡದೆ ಬೈದರು. ನಾನೂ ಬಿಡಲಿಲ್ಲ.

ಫೆಬ್ರವರಿ ೮, ಭಾನುವಾರ

ಮಂಕು ವಾರ್ನಿಷ್ ಆಯಿತು, ಕೆಲಸ ಮುಗಿಯಿತು. ಹೊಗೆಯ ಕಲೆ ಕೊಳವೆಯ ಬಾಯಿಯಲ್ಲಿ ಒಂದಿಷ್ಟು ಮಾತ್ರ ಬಿಟ್ಟೆ. ಎಣ್ಣೆಯ ಒಂದು ಹನಿ ಇಲ್ಲ. ಬಿಸಿಲಿಗೆ ಮಾಸಿದ, ಆದರೆ ದಿನಾ ಒರೆಸಿದ ವಿಮಾನ. ಇಂಥದ್ದನ್ನು ಯಾರೂ ಮಾಡುವುದಿಲ್ಲ, ಎಲ್ಲರಿಗೂ ಕೊಳೆ ಬೇಕು. ಅಧ್ಯಕ್ಷರು ಬಂದು ನೋಡಿ, ಈ ಸಲ ಮೊದಲನೆಯದು ನಿಮ್ಮದೇ ಎಂದು ಕಿವಿಯಲ್ಲಿ ಹೇಳಿ ಹೋದರು.

ಇಷ್ಟಾದರೂ ಮಾವನಿಗೆ ಸಮಾಧಾನವಿಲ್ಲ. ಹೇಗಿದೆ ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಚೆನ್ನಾಗಿದೆ, ಹೀಗೇ ಇತ್ತು ಎಂದು ಹೇಳಿ ಗೋಡೆ ಕಡೆ ತಿರುಗಿ ಮಲಗಿದರು. ಎರಡು ದಿನದಿಂದ ಮತ್ತೆ ಗಂಜಿ. ಹಲ್ಲು ಒತ್ತುತ್ತಿದೆಯಾ ಎಂದರೆ ಇಲ್ಲವಂತೆ.

ಫೆಬ್ರವರಿ ೧೪, ಶನಿವಾರ

ನಾಳೆ ಪ್ರದರ್ಶನ. ಮಧ್ಯಾಹ್ನ ವಿಮಾನವನ್ನು ಪೆಟ್ಟಿಗೆಗೆ ಇಳಿಸುತ್ತಿದ್ದೆ. ಹೆಂಡತಿ ಡ್ಯೂಟಿಗೆ ಹೋಗಿದ್ದಳು. ಮಾವ ಬಂದು ಪಕ್ಕದ ಕುರ್ಚಿಯಲ್ಲಿ ಕೂತು, ಆ ಎಣ್ಣೆಬಣ್ಣ ಇನ್ನೊಂದು ಸಲ ಬೆರೆಸು ಎಂದರು.

ಯಾಕೆ ಎಂದೆ. ಎಡಗಡೆ ತಿರುಗಿಸು ಎಂದರು. ಫೋಟೋದಲ್ಲಿ ಕಾಣದ ಕಡೆ.

"ಇಲ್ಲಿ, ಈ ಸಂದಿನಿಂದ ಬರ್ತಿತ್ತು. ಎಣ್ಣೆ ತಡೆಯೋ ಒಂದು ಸೀಲ್ ಹೋಗಿತ್ತು. ಹೊಸದು ಬರೋಕೆ ಒಂದು ವಾರ ಅಂದ್ರು. ಸೋರಿಕೆ ಅಂತ ಬರೆದಿದ್ರೆ ವಿಮಾನ ನಿಲ್ಲಿಸ್ಬಿಡ್ತಿದ್ರು. ಇಡೀ ಸ್ಕ್ವಾಡ್ರನ್‌ನಲ್ಲಿ ಆ ವರ್ಷ ಒಂದು ದಿನಾನೂ ನಿಲ್ಲದೇ ಇದ್ದದ್ದು ನನ್ನ ವಿಮಾನ ಒಂದೇ. ಅದಕ್ಕೆ ಬರೀಲಿಲ್ಲ. ತಪಾಸಣೆಯೋರು ಬರೋ ಮುಂಚೆ ದಿನಾ ಒರೆಸಿದೆ. ಪೈಲಟ್‌ಗೂ ಹೇಳಲಿಲ್ಲ."

ಕನ್ನಡಕ ತೆಗೆದು ಅಂಗಿಯ ತೋಳಿನಲ್ಲಿ ಒರೆಸಿದರು.

"ತನಿಖೆಯೋರು ಕೇಳಿದ್ರು. ಸ್ವಚ್ಛ ಇತ್ತು ಅಂದೆ. ಸುಳ್ಳಲ್ಲವಲ್ಲ, ಒರೆಸಿದ್ದೆ."

ವಾರ್ನಿಷ್ ಒಣಗಿದೆಯಾ ಎಂದು ಬೆರಳಲ್ಲಿ ಮುಟ್ಟಿ ನೋಡಿದೆ. ವಾರದ ಹಿಂದೆಯೇ ಒಣಗಿತ್ತು.

ಇದು ಬೇಡ, ಇರಲಿ, ಹೀಗೇ ಚೆನ್ನಾಗಿದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಹೌದು, ಹಾಗೇ ಹೇಳಿದೆ. ಫೋಟೋದಲ್ಲೂ ಇಲ್ಲವಲ್ಲ ಎಂದೆ. ಮಾವ ಬಣ್ಣ ಬೆರೆಸು ಎಂದರು.

ಬೆರೆಸಿದೆ. ನಾನೇ ಎಳೆಯುತ್ತೇನೆ, ನಿಮ್ಮ ಕೈ ನಡುಗುತ್ತದೆ ಎಂದೆ. ಬೇಡ ಎಂದರು. ಮಣಿಕಟ್ಟಾದರೂ ಹಿಡಿದುಕೊಳ್ಳಲೇ ಎಂದದ್ದಕ್ಕೂ ಅದೇ ಬೇಡ. ಸಂದಿನಲ್ಲಿ ಕುಂಚ ಇಟ್ಟು, ಉಸಿರು ಕಟ್ಟಿ, ರೆಕ್ಕೆಯ ಕೆಳಗಿನವರೆಗೆ ಎಳೆದರು. ಒಂದೇ ಎಳೆತ. ಅಂಚು ಮಸುಕು ಮಾಡಲು ಬಿಡಲಿಲ್ಲ. ಮಾದರಿ ನಿಜದ ಮೂವತ್ತೆರಡರಲ್ಲಿ ಒಂದು ಪಾಲು. ಗೆರೆ ಎರಡು ಮಿಲಿಮೀಟರ್ ದಪ್ಪ ಇದೆ, ಅಂದರೆ ನಿಜದ ವಿಮಾನದ ಮೇಲೆ ನಾಲ್ಕು ಬೆರಳಷ್ಟು. ಅಷ್ಟು ಸೋರಿದರೆ ಕುರುಡನಿಗೂ ಕಾಣುತ್ತದೆ. ಬಹುಮಾನ ಹೋಯಿತು ಎಂದು ಆಗಲೇ ಗೊತ್ತಾಯಿತು. ಸೌಮ್ಯ ಥಿನ್ನರ್ ಕೈಯಳತೆಯಲ್ಲೇ ಇತ್ತು. ಮುಚ್ಚಳ ಬಿಗಿಮಾಡಿ ಕಪಾಟಿನಲ್ಲಿಟ್ಟೆ.

ಫೆಬ್ರವರಿ ೧೫, ಭಾನುವಾರ

ಮೂವರೂ ಟ್ಯಾಕ್ಸಿಯಲ್ಲಿ ಹೋದೆವು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಪೆಟ್ಟಿಗೆ ನನ್ನ ತೊಡೆಯ ಮೇಲೆ.

ಪೈಲಟ್‌ನ ಮಗಳು ನನ್ನ ವಯಸ್ಸಿನವಳು. ಬಟ್ಟೆ ಸರಿಸಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಎಷ್ಟು ಸ್ವಚ್ಛವಾಗಿದೆ ಎಂದಳು. ಅವಳು ನಿಂತದ್ದು ಬಲಗಡೆ. ಮಾವ ಊರುಗೋಲು ಊರಿಕೊಂಡು ಹೋಗಿ, ಈ ಕಡೆ ಬಾಮ್ಮಾ ಎಂದು ಕರೆದು, ಎಡಗಡೆ ತೋರಿಸಿ ಹೇಳಿದರು. ನನಗೆ ಹೇಳಿದಷ್ಟೇ, ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಸಂಘದ ಹಿರಿಯರೆಲ್ಲಾ ಸುತ್ತ ಇದ್ದರು. ಮಾದರಿಯ ಕೆಳಗೆ, ಒಂದು ದಿನವೂ ನಿಲ್ಲದ ವಿಮಾನ ಎಂದು ನೀಟಾಗಿ ಬರೆದಿಟ್ಟ ಫಲಕವನ್ನು ಯಾರೋ ಮಗುಚಿ ಹಾಕಿದರು. ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಅವಳಿಗೂ ಅದು ಮೊದಲ ಸಲ ಕೇಳಿದ ಮಾತು.

ಪೈಲಟ್‌ನ ಮಗಳು ಅಳಲಿಲ್ಲ, ಬೈಯಲಿಲ್ಲ. ಎಷ್ಟು ದಿನ ಒರೆಸಿದಿರಿ ಎಂದು ಕೇಳಿದಳು. ಮೂರು ದಿನ ಎಂದರು ಮಾವ.

"ನಮ್ಮಮ್ಮ ಹೋಗಿ ಎರಡು ವರ್ಷ ಆಯ್ತು," ಎಂದಳು. "ಸಾಯೋವರೆಗೂ ಅಪ್ಪನ ಮೇಲೆ ಕೋಪ ಇಟ್ಕೊಂಡೇ ಇದ್ಲು. ಬೇಕಂತ ಕೆಳಗೆ ಹಾರಿಸಿದ, ನಮ್ಮನ್ನ ಯೋಚನೆ ಮಾಡಲಿಲ್ಲ ಅಂತ. ನಿಮಗೆ ಎರಡು ವರ್ಷ ಮುಂಚೆ ಬರೋಕಾಗ್ಲಿಲ್ವಾ?"

ಅವಳು ಸಂಘದ ಕಾರ್ಯದರ್ಶಿಯನ್ನು ಕರೆದು, ಇವರು ಹೇಳಿದ್ದನ್ನು ಬರೆಸಿಕೊಂಡು ಇವರ ಸಹಿ ಹಾಕಿಸಿಕೊಡಿ ಎಂದಳು. ಮಾವ ಅಲ್ಲೇ ಕೂತು ಎರಡು ಪುಟ ಬರೆದರು. ಅವಳು ಕಾಗದ ಮಡಿಸಿ ಚೀಲದಲ್ಲಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹೊರಟಳು.

ಕ್ಲಬ್ಬಿನ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದರು. ಇಡೀ ವಿಮಾನ ಅಷ್ಟು ನಾಜೂಕು, ಈ ಒಂದು ಗೆರೆ ಮಾತ್ರ ಮಕ್ಕಳು ಎಳೆದ ಹಾಗಿದೆ, ಅಳತೆಗೆ ದಪ್ಪವಾಯಿತು, ಅಂಕ ಕಳೆಯಲೇಬೇಕಾಯಿತು ಎಂದರು. ನಿಮಗೆ ಅಳತೆ ಗೊತ್ತಿದ್ದರೆ ನೀವೇ ಬಂದು ಎಳೆಯಬೇಕಿತ್ತು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದೆ. ಮುಂದಿನ ವರ್ಷ ಕ್ಲಬ್ಬಿನಲ್ಲಿ ಇರುತ್ತೇನೋ ಇಲ್ಲವೋ. ಎರಡನೇ ಸ್ಥಾನವೂ ಬರಲಿಲ್ಲ.

ವಾಪಸು ಬರುವಾಗ ಹೆಂಡತಿ ಮುಂದಿನ ಸೀಟಿನಲ್ಲಿ ಕೂತಳು. ಅಪ್ಪನ ಪಕ್ಕ ಕೂರಲಿಲ್ಲ. ದಾರಿಯುದ್ದಕ್ಕೂ ಹಿಂದೆ ತಿರುಗಿಯೂ ನೋಡಲಿಲ್ಲ. ಅರ್ಧ ದಾರಿಯಲ್ಲಿ ಮಾವ ನನ್ನನ್ನು ಕೇಳಿದರು, ಗೆರೆ ದಪ್ಪ ಆಯಿತು ಅಂತ ಅಧ್ಯಕ್ಷರು ಹೇಳುತ್ತಿದ್ದರಾ ಎಂದು. ಹೌದು, ಸ್ವಲ್ಪ ದಪ್ಪ ಆಯಿತು ಎಂದೆ.

"ಅವತ್ತು ಇನ್ನೂ ದಪ್ಪ ಇತ್ತು," ಎಂದರು.